6:30 ಸಾಕಾಗುವ ಕಡೆ 5:30ಕ್ಕೆ ಯಾಕೆ ಓಡ್ತೀರಿ?

ಹೋದ ತಿಂಗಳು ಒಂದು ದಿನ ಬೆಳಗ್ಗೆ ಏಳು ಗಂಟೆಗೆ ನಮ್ಮ ಫೋನಿಗೆ ಒಂದು ಸ್ಕ್ರೀನ್‌ಶಾಟ್ ಬಂತು. ಓಟ ಅಳೆಯುವ ಆ್ಯಪಿನದ್ದು. 1.60 ಕಿಲೋಮೀಟರ್, 5 ನಿಮಿಷ 48 ಸೆಕೆಂಡ್. ಕೆಳಗೆ ಮೂರು ಬೆಂಕಿಯ ಚಿತ್ರ. ಕಳಿಸಿದವನು ಹರಿಹರ ತಾಲ್ಲೂಕಿನ ಹುಡುಗ. ಡಿಗ್ರಿ ಮುಗಿಸಿ ಎರಡು ವರ್ಷವಾಗಿದೆ. ಬೆಳಗ್ಗೆ ಭದ್ರಾ ನಾಲೆಯ ಏರಿ ಮೇಲೆ ಓಡುತ್ತಾನೆ, ಹಗಲು ಅಪ್ಪನ ಜೊತೆ ಗದ್ದೆಗೆ ಹೋಗುತ್ತಾನೆ.

"ಯಾವ ಪರೀಕ್ಷೆಗೆ ತಮ್ಮಾ?" ಅಂತ ಕೇಳಿದೆವು.

"ಪೊಲೀಸ್ ಕಾನ್‌ಸ್ಟೇಬಲ್‌ಗೆ ಅಣ್ಣಾ. ಇನ್ನೊಂದ್ ಇಪ್ಪತ್ ಸೆಕೆಂಡ್ ಇಳಿಸ್ಬೇಕು."

"ಅಲ್ಲಿ ಆರೂವರೆ ನಿಮಿಷ ಸಾಕಲ್ಲ."

"ಸಾಕು ಅಂತಾರೆ. ಆದ್ರೆ ಕಾಂಪಿಟೇಶನ್ ಐತಲ್ಲಣ್ಣ."

ಈ ಕೊನೆಯ ಮಾತು ನಮ್ಮನ್ನು ಬಿಡಲಿಲ್ಲ. ದಾವಣಗೆರೆಯ ಜಿಲ್ಲಾ ಕ್ರೀಡಾಂಗಣಕ್ಕೆ ಬೆಳಗ್ಗೆ ಐದೂವರೆಗೆ ಹೋಗಿ ನಿಂತರೂ ಇದೇ ಮಾತು, ಹರಿಹರದ ಗಾಂಧಿ ಮೈದಾನದ ಸುತ್ತ ಓಡುವವರನ್ನು ಕೇಳಿದರೂ ಇದೇ ಮಾತು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಬಾಯಲ್ಲೂ ಸೆಕೆಂಡು. ಯಾವ ಪರೀಕ್ಷೆಯಲ್ಲಿ ಆ ಸೆಕೆಂಡಿಗೆ ಬೆಲೆ ಇದೆ, ಯಾವುದರಲ್ಲಿ ಇಲ್ಲ ಎಂದು ಕೇಳಿದರೆ ಮಾತ್ರ ಹತ್ತರಲ್ಲಿ ಏಳೆಂಟು ಜನ ತಡವರಿಸುತ್ತಾರೆ. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೆಯುತ್ತಿದ್ದೇವೆ.

ಮೊದಲು ಪೊಲೀಸ್ ವಿಷಯ. ಕರ್ನಾಟಕದಲ್ಲಿ ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಗೆ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಉದ್ದ ಜಿಗಿತ 3.80 ಮೀಟರ್ ಅಥವಾ ಎತ್ತರ ಜಿಗಿತ 1.20 ಮೀಟರ್. 7.26 ಕಿಲೋ ತೂಕದ ಗುಂಡನ್ನು 5.60 ಮೀಟರ್ ಎಸೆಯಬೇಕು. ಹೆಣ್ಣುಮಕ್ಕಳಿಗೆ 400 ಮೀಟರ್ ಓಟಕ್ಕೆ 2 ನಿಮಿಷ, ಉದ್ದ ಜಿಗಿತ 2.50 ಅಥವಾ ಎತ್ತರ ಜಿಗಿತ 0.90 ಮೀಟರ್, 4 ಕಿಲೋ ಗುಂಡು 3.75 ಮೀಟರ್.

ಇದರಲ್ಲಿ ಯಾವುದಕ್ಕೂ ಅಂಕ ಇಲ್ಲ. ಪಾಸು ಇಲ್ಲವೇ ಫೇಲು, ಅಷ್ಟೇ. 6:29ಕ್ಕೆ ಗೆರೆ ದಾಟಿದವನೂ 5:10ಕ್ಕೆ ದಾಟಿದವನೂ ಆ ಪುಸ್ತಕದಲ್ಲಿ ಒಂದೇ. ಮೆರಿಟ್ ಪಟ್ಟಿ ತಯಾರಾಗುವುದು 100 ಅಂಕದ ಲಿಖಿತ ಪರೀಕ್ಷೆಯಿಂದ. ಅಲ್ಲಿ ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ನಮ್ಮ ಹುಡುಗ ಹೇಳುವ ಕಾಂಪಿಟೇಶನ್ ಇರುವುದು ಅಲ್ಲಿ. ಓಟದ ಟ್ರ್ಯಾಕಿನಲ್ಲಿ ಇರುವುದು ಹೊಸ್ತಿಲು ಮಾತ್ರ. ಹೊಸ್ತಿಲು ದಾಟಲು ಒಂದು ಹೆಜ್ಜೆ ಸಾಕು, ಹಾರಿ ದಾಟಿದರೆ ಒಳಗೆ ಯಾರೂ ಎರಡು ಎಲೆ ಹಾಕುವುದಿಲ್ಲ.

ಸೈನ್ಯದ ಲೆಕ್ಕವೇ ಬೇರೆ. ಅಗ್ನಿವೀರ್ ಜನರಲ್ ಡ್ಯೂಟಿಗೆ 1.6 ಕಿಲೋಮೀಟರ್ ಓಟಕ್ಕೆ ಅಂಕ ಇದೆ. 5 ನಿಮಿಷ 30 ಸೆಕೆಂಡಿನ ಒಳಗೆ ಬಂದರೆ 60. 5:31ರಿಂದ 5:45ರ ಒಳಗೆ 48. ಮೊದಲು ಇಲ್ಲಿಗೇ ನಿಲ್ಲುತ್ತಿತ್ತು, 5:46ಕ್ಕೆ ಬಂದವನು ಮನೆಗೆ ಹೋಗುತ್ತಿದ್ದ. 2025ರ ನೇಮಕಾತಿಯಿಂದ ಇನ್ನೆರಡು ಗುಂಪು ಸೇರಿಸಿದ್ದಾರೆ: 5:46ರಿಂದ 6:00ಕ್ಕೆ 36, 6:01ರಿಂದ 6:15ಕ್ಕೆ 24. ಅಂದರೆ ಇದು ಏಣಿ. ಇಲ್ಲಿ ಒಂದು ಸೆಕೆಂಡಿಗೆ 12 ಅಂಕದ ಬೆಲೆ ಬರಬಹುದು. ಈ ಅಂಕ ಲಿಖಿತ ಪರೀಕ್ಷೆಯ ಅಂಕದ ಜೊತೆ ಸೇರಿ ಮೆರಿಟ್ ಆಗುತ್ತದೆ.

ಈ ಏಣಿಯಲ್ಲೂ ನಮ್ಮ ಹುಡುಗರು ಒಂದು ಮೆಟ್ಟಿಲು ಮರೆಯುತ್ತಾರೆ. ಅದು ಪುಲ್‌ಅಪ್. 10 ಹೊಡೆದರೆ 40 ಅಂಕ, 9ಕ್ಕೆ 33, 8ಕ್ಕೆ 27, 7ಕ್ಕೆ 21, 6ಕ್ಕೆ 16. ಈಗ ಇಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ. ಒಬ್ಬ 5:30ಕ್ಕೆ ಓಡಿದ, ಪುಲ್‌ಅಪ್ 7. ಅವನಿಗೆ 81. ಇನ್ನೊಬ್ಬ 5:31ಕ್ಕೆ ಓಡಿದ, ಪುಲ್‌ಅಪ್ 10. ಅವನಿಗೆ 88. ರೀಲ್ಸ್‌ನಲ್ಲಿ ಮೊದಲನೆಯವನಿಗೆ ಲೈಕು ಬರುತ್ತದೆ, ಪಟ್ಟಿಯಲ್ಲಿ ಎರಡನೆಯವನ ಹೆಸರು ಮೇಲಿರುತ್ತದೆ. ಬೇವಿನ ಮರದ ಗಟ್ಟಿ ಕೊಂಬೆಗೆ ದುಡ್ಡು ಕೊಡಬೇಕಿಲ್ಲ, ಆದರೂ ಕೊಂಬೆ ಹಿಡಿಯುವವರು ಕಡಿಮೆ.

ಇದೇ ಥರ ಉಳಿದವನ್ನೂ ಬಿಡಿಸಿ ನೋಡಬಹುದು. ಎಸ್‌ಎಸ್‌ಸಿ ಜಿಡಿ, ಅಂದರೆ ಬಿಎಸ್‌ಎಫ್, ಸಿಆರ್‌ಪಿಎಫ್ ಥರದ ಪಡೆಗಳಿಗೆ, ಗಂಡಸರು 5 ಕಿಲೋಮೀಟರನ್ನು 24 ನಿಮಿಷಕ್ಕೆ, ಹೆಂಗಸರು 1.6 ಕಿಲೋಮೀಟರನ್ನು ಎಂಟೂವರೆ ನಿಮಿಷಕ್ಕೆ ಮುಗಿಸಬೇಕು. ಇದೂ ಹೊಸ್ತಿಲೇ. ಅದರ ಲಿಖಿತ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೇ ಬರೆಯಬಹುದು ಅನ್ನುವುದು ಇನ್ನೂ ಎಷ್ಟೋ ಮನೆಗೆ ತಲುಪಿಲ್ಲ, ಓದಿದವರು ಪಕ್ಕದ ಮನೆಯವರಿಗೆ ಹೇಳಿ. ಲೈನ್‌ಮ್ಯಾನ್ ಅಂತ ನಾವು ಕರೆಯುವ ಕಿರಿಯ ಪವರ್‌ಮ್ಯಾನ್ ಹುದ್ದೆಗೆ 8 ಮೀಟರ್ ವಿದ್ಯುತ್ ಕಂಬ ಹತ್ತುವುದು ಕಡ್ಡಾಯ. ಅದರ ಜೊತೆಗೆ 100 ಮೀಟರ್ ಓಟ 14 ಸೆಕೆಂಡ್, 800 ಮೀಟರ್ 3 ನಿಮಿಷ, ನಿಮಿಷಕ್ಕೆ 50 ಸ್ಕಿಪ್ಪಿಂಗ್, ಗುಂಡು ಎಸೆತ ಇವೆಲ್ಲ ಇರುತ್ತವೆ. ಇಷ್ಟೆಲ್ಲ ಮಾಡಿದ ಮೇಲೆ ಆಯ್ಕೆ ನಡೆಯುವುದು ಎಸ್ಸೆಸ್ಸೆಲ್ಸಿ ಅಂಕದ ಮೇಲೆ! ಹತ್ತನೇ ಕ್ಲಾಸಿನಲ್ಲಿ ಏನು ಬಂದಿದೆಯೋ ಅದೇ ಗಟ್ಟಿ. ಕಂಬವನ್ನು ಮಂಗನ ಹಾಗೆ ಹತ್ತಿದರೂ ಅದು ಬದಲಾಗುವುದಿಲ್ಲ.

ನಮಗೆ ಬಹಳ ಹಿಡಿಸಿದ್ದು ರೈಲ್ವೆಯದ್ದು. ಗ್ರೂಪ್ ಡಿ ಅನ್ನುತ್ತೇವಲ್ಲ, ಹಳಿ ಕೆಲಸ, ಪಾಯಿಂಟ್ಸ್‌ಮನ್ ಕೆಲಸ. ಗಂಡಸರು 35 ಕಿಲೋ ತೂಕ ಹೊತ್ತು ಕೆಳಗಿಡದೆ 100 ಮೀಟರ್ ದೂರವನ್ನು 2 ನಿಮಿಷದಲ್ಲಿ ದಾಟಬೇಕು. ಹೆಂಗಸರಿಗೆ 20 ಕಿಲೋ, ಸಮಯ ಅಷ್ಟೇ. ಆಮೇಲೆ 1000 ಮೀಟರ್ ಓಟ, ಗಂಡಸರಿಗೆ 4 ನಿಮಿಷ 15 ಸೆಕೆಂಡ್, ಹೆಂಗಸರಿಗೆ 5 ನಿಮಿಷ 40 ಸೆಕೆಂಡ್. ಎರಡಕ್ಕೂ ಒಂದೊಂದೇ ಅವಕಾಶ.

ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ ಹಮಾಲರು ಇದನ್ನು ದಿನಕ್ಕೆ ಎಷ್ಟು ಸಲ ಪಾಸು ಮಾಡುತ್ತಾರೋ ಲೆಕ್ಕ ಇಟ್ಟವರಿಲ್ಲ. ಈಗಿನ ಯೂರಿಯಾ ಚೀಲವೇ 45 ಕಿಲೋ. ಸೊಸೈಟಿಯಿಂದ ಅದನ್ನು ಹೆಗಲ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಹಾಕುವ ಹುಡುಗ, ರೈಲ್ವೆಯ 35 ಕಿಲೋ ಅಂದರೆ ಯಾಕೆ ಹೆದರಬೇಕು? ಹೆದರುವವರನ್ನು ನಾವು ನೋಡಿದ್ದೇವೆ. ಜಿಮ್ಮಿನಲ್ಲಿ ಎತ್ತಿದರೆ ಮಾತ್ರ ತೂಕ, ಗದ್ದೆಯಲ್ಲಿ ಎತ್ತಿದ್ದು ಬರೀ ದುಡಿಮೆ ಅನ್ನುವುದು ಅವರ ತಲೆಯಲ್ಲಿ ಕೂತುಬಿಟ್ಟಿದೆ.

ಇಲ್ಲೊಂದು ತಮಾಷೆ ಹೇಳಬೇಕು. ದೊಡ್ಡ ಊರುಗಳಲ್ಲಿ ಈಗ ಫಂಕ್ಷನಲ್ ಫಿಟ್‌ನೆಸ್ ಅಂತ ಒಂದು ಬಂದಿದೆ. ದಿನನಿತ್ಯದ ಬದುಕಿಗೆ ಬೇಕಾದ ಎತ್ತುವುದು, ಹೊರುವುದು, ತಳ್ಳುವುದು, ಎಳೆಯುವುದನ್ನೇ ವ್ಯಾಯಾಮ ಮಾಡಿ ಗಡಿಯಾರ ಹಿಡಿದು ಸ್ಪರ್ಧೆ ನಡೆಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2007ರಲ್ಲಿ ಶುರುವಾದ ಕ್ರಾಸ್‌ಫಿಟ್ ಗೇಮ್ಸ್ ಮೊದಲು ನಡೆದದ್ದು ಒಂದು ಜಾನುವಾರು ಸಾಕುವ ಜಮೀನಿನಲ್ಲಿ. ಈಗ ಅದರ ಮೊದಲ ಸುತ್ತಿನ ವ್ಯಾಯಾಮಗಳನ್ನು ಲೋಕದ ಯಾವ ಮೂಲೆಯಲ್ಲಿದ್ದರೂ ಮಾಡಿ ಸಮಯ ಕಳಿಸಬಹುದು, ಒಳ್ಳೆಯ ಸಮಯ ಬಂದವರು ಮೇಲಿನ ಸುತ್ತಿಗೆ. ಜರ್ಮನಿಯಲ್ಲಿ ಹುಟ್ಟಿದ ಹೈರಾಕ್ಸ್ ಅನ್ನುವ ಇನ್ನೊಂದು ಸ್ಪರ್ಧೆ 2025ರ ಮೇ ತಿಂಗಳಲ್ಲಿ ಮುಂಬೈಗೂ ಬಂತು. ಎಂಟು ಸಲ ಒಂದೊಂದು ಕಿಲೋಮೀಟರ್ ಓಟ, ಪ್ರತಿ ಓಟದ ನಂತರ ಒಂದು ಕಷ್ಟದ ಕೆಲಸ. ಅದರಲ್ಲಿ ಎರಡೂ ಕೈಯಲ್ಲಿ ತೂಕ ಹಿಡಿದು 200 ಮೀಟರ್ ನಡೆಯುವುದು ಒಂದು. ಅದಕ್ಕೆ ಅವರಿಟ್ಟ ಹೆಸರು ಫಾರ್ಮರ್ಸ್ ಕ್ಯಾರಿ, ಅಂದರೆ ರೈತನ ಹೊರೆ. ದುಡ್ಡು ಕೊಟ್ಟು ಹೆಸರು ನೋಂದಾಯಿಸಿ ಜನ ರೈತನ ಹೊರೆ ಹೊರುತ್ತಾರೆ. ನಾವು ಅದನ್ನು ಆಡಿಕೊಳ್ಳುತ್ತಿಲ್ಲ, ಒಳ್ಳೆಯ ಆಟವೇ. ಆದರೆ ಅವರಿಗೆ ಸೆಕೆಂಡು ಅನ್ನುವುದು ಆಟ, ನಮ್ಮ ಹುಡುಗರಿಗೆ ಅದು ಮನೆಯ ಸಾಲ, ತಂಗಿಯ ಮದುವೆ, ಅಪ್ಪನ ಬಿಪಿ ಮಾತ್ರೆ. ಆಟದವರ ಗೀಳನ್ನು ಫೋನಿನಲ್ಲಿ ನೋಡಿ ಇವರು ನೌಕರಿಯ ಪರೀಕ್ಷೆಗೆ ಅಂಟಿಸಿಕೊಂಡಿದ್ದಾರೆ.

ದಾವಣಗೆರೆ ಕುಸ್ತಿಯ ಊರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ಬೇರೆ ಬೇರೆ ಊರಿನ ಪೈಲ್ವಾನರು ಬರುತ್ತಾರೆ. ಗರಡಿಮನೆಯಲ್ಲಿ ಬಸ್ಕಿ, ದಂಡ ಎಷ್ಟು ಹೊಡೆದೆ ಅಂತ ಎಣಿಸುತ್ತಿದ್ದರು, ಎಷ್ಟು ಹೊತ್ತಿನಲ್ಲಿ ಅಂತ ಯಾರೂ ಕೇಳುತ್ತಿರಲಿಲ್ಲ. ಹಾಗಂತ ಗಡಿಯಾರವೇ ಬೇಡ ಅನ್ನುವ ಹಳೇ ಕಾಲದ ಮಾತು ನಮ್ಮದಲ್ಲ. ಗಡಿಯಾರ ಬೇಕು. ಆದರೆ ಅದು ನಿಜ ಹೇಳುವ ಗಡಿಯಾರ ಆಗಿರಬೇಕು.

ಇನ್ನು ಫೋನಿನ ಸುಳ್ಳಿನ ವಿಷಯಕ್ಕೆ ಬರೋಣ.

1600 ಮೀಟರ್ ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ರೌಂಡ್. 6:30ಕ್ಕೆ ಮುಗಿಸಬೇಕಾದರೆ ಒಂದು ರೌಂಡಿಗೆ 97 ಸೆಕೆಂಡಿನ ಮೇಲೆ ಅರ್ಧ. 5:30ಕ್ಕಾದರೆ 82ರ ಮೇಲೆ ಅರ್ಧ. ಈ ಎರಡು ಅಂಕಿ ನೆನಪಿಟ್ಟುಕೊಂಡರೆ ಮೊದಲ ರೌಂಡಿನಲ್ಲೇ ನೀವು ಎಲ್ಲಿದ್ದೀರಿ ಎಂದು ಗೊತ್ತಾಗುತ್ತದೆ. ಆದರೆ ಟ್ರ್ಯಾಕ್ ಇರುವುದು ದಾವಣಗೆರೆಯಲ್ಲಿ. ಹಳ್ಳಿಯ ಹುಡುಗ ದಿನಾ ಬೆಳಗ್ಗೆ ಐದಕ್ಕೆ ಅಲ್ಲಿಗೆ ಬರಲು ಬಸ್ಸೂ ಇಲ್ಲ, ಪೆಟ್ರೋಲಿಗೆ ದುಡ್ಡೂ ಇಲ್ಲ. ಹಾಗಾಗಿ ನಾಲೆ ಏರಿ, ರಸ್ತೆ, ಶಾಲೆ ಮೈದಾನ. ಅಲ್ಲಿ ದೂರ ಅಳೆಯುವುದು ಫೋನಿನ ಆ್ಯಪು, ಇಲ್ಲವೇ ಬೈಕಿನ ಮೀಟರು.

ಬೈಕಿನ ಮೀಟರಿನ ಕೊನೆಯ ಅಂಕಿ ತಿರುಗುವುದು 100 ಮೀಟರಿಗೊಮ್ಮೆ. 1.6 ಅಂತ ತೋರಿಸಿದಾಗ ಅದು 1.6 ಆಗಿ ಎಷ್ಟು ಮೀಟರ್ ಆಯಿತೋ, ಹೊರಡುವಾಗ ಅಂಕಿ ತಿರುಗಲು ಎಷ್ಟು ಬಾಕಿ ಇತ್ತೋ ತಿಳಿಯುವುದಿಲ್ಲ. ಫೋನಿನ ಜಿಪಿಎಸ್ ಮರದ ಕೆಳಗೆ, ತಿರುವಿನಲ್ಲಿ, ಕಡಿಮೆ ಬೆಲೆಯ ಸೆಟ್ಟಿನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆಯುತ್ತದೆ, ಆ ಅಡ್ಡಾದಿಡ್ಡಿಯನ್ನೆಲ್ಲ ನೀವು ಓಡಿದ ದೂರ ಅಂತ ಸೇರಿಸಿಬಿಡುತ್ತದೆ. 50 ಮೀಟರ್ ತಪ್ಪಿದರೆ ಏನು ಮಹಾ ಅನ್ನಬೇಡಿ. 6:30ರ ಓಟಗಾರನಿಗೆ 50 ಮೀಟರ್ ಅಂದರೆ 12 ಸೆಕೆಂಡ್. ಟ್ರ್ಯಾಕಿನಲ್ಲೂ ಹುಷಾರಾಗಿರಬೇಕು. ಒಳಗಿನ ಗೆರೆ ಬಿಟ್ಟು ಎರಡನೇ ಲೇನಿನಲ್ಲೇ ನಾಲ್ಕು ರೌಂಡ್ ಹೊಡೆದರೆ 30 ಮೀಟರ್ ಹೆಚ್ಚಿಗೆ ಓಡಿರುತ್ತೀರಿ, ಸುಮಾರು 7 ಸೆಕೆಂಡ್ ಸುಮ್ಮನೆ ಹೋಯಿತು. ಪರೀಕ್ಷೆಯ ದಿನ ಗುಂಪಿನಲ್ಲಿ ಓಡಿಸುತ್ತಾರೆ. ಎಲ್ಲರೂ ಒಳಗಿನ ಗೆರೆಗೇ ನುಗ್ಗುತ್ತಾರೆ, ಮೊದಲ ತಿರುವಿನಲ್ಲಿ ಮೊಣಕೈ ಬಡಿದಾಟ. ಅದಕ್ಕೇ ಹತ್ತು ಹದಿನೈದು ಸೆಕೆಂಡ್ ಕೈಯಲ್ಲಿ ಇಟ್ಟುಕೊಳ್ಳಬೇಕು ಅನ್ನುವುದನ್ನು ನಾವೂ ಒಪ್ಪುತ್ತೇವೆ. ಸರಿಯಾಗಿ ಅಳೆದ 1600 ಮೀಟರನ್ನು 6:10ಕ್ಕೆ ಓಡುವವನು ಪೊಲೀಸ್ ಓಟದ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಅವನು ಇನ್ನು ಅದನ್ನು ಕಾಪಾಡಿಕೊಂಡರೆ ಆಯಿತು. ಉಳಿದ ಬೆಳಗು ಗುಂಡಿಗೆ, ಜಿಗಿತಕ್ಕೆ, ಪುಸ್ತಕಕ್ಕೆ ಸಿಗಲಿ.

ಗುಂಡು ಅಂದೆವಲ್ಲ, ನಾವು ಆ 5:48ರ ಹುಡುಗನನ್ನು ಕೇಳಿದೆವು: "7.26 ಕಿಲೋ ಗುಂಡು ಎಷ್ಟು ದೂರ ಎಸೀತೀಯಪ್ಪಾ?"

ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಬಂತು. "ಗುಂಡು ಇನ್ನೂ ಮುಟ್ಟಿಲ್ಲಣ್ಣ. ನಮ್ಮ್ ಕಡೆ ಎಲ್ಲೂ ಇಲ್ಲ."

ಎರಡು ವರ್ಷದಿಂದ ಓಡುತ್ತಿರುವ ಹುಡುಗ. ಮೂರು ಬಾಗಿಲಿನ ಮನೆಗೆ ಒಂದೇ ಬಾಗಿಲಿನ ಬೀಗದ ಕೈ ತಿಕ್ಕಿ ತಿಕ್ಕಿ ಹೊಳಪು ಮಾಡುತ್ತಿದ್ದ. ಗುಂಡು ಎಸೆಯುವುದು ಬರೀ ತೋಳಿನ ಬಲ ಅಲ್ಲ. ಕತ್ತಿನ ಹತ್ತಿರ ಇಟ್ಟುಕೊಳ್ಳುವುದು, ಕಾಲಿನಿಂದ ಬಲ ತರುವುದು, ವೃತ್ತದ ಗೆರೆ ತುಳಿಯದೆ ನಿಲ್ಲುವುದು, ಇವನ್ನು ಯಾರಾದರೂ ತೋರಿಸಿಕೊಟ್ಟರೆ ಎರಡು ಮೂರು ವಾರದಲ್ಲಿ ಕೈಗೆ ಹತ್ತುತ್ತದೆ. ತೋರಿಸಿಕೊಡದಿದ್ದರೆ ಗಟ್ಟಿ ಆಳು ಕೂಡ ಕ್ರಿಕೆಟ್ ಚೆಂಡಿನ ಹಾಗೆ ಬೀಸಿ ಭುಜ ಉಳುಕಿಸಿಕೊಂಡು ಬರುತ್ತಾನೆ.

ಎಷ್ಟೋ ಹೈಸ್ಕೂಲುಗಳ ಆಟದ ಸಾಮಾನಿನ ಕೋಣೆಯಲ್ಲಿ ಗುಂಡುಗಳು ಧೂಳು ಹಿಡಿದು ಕೂತಿವೆ. ಬೆಳಗ್ಗೆ ಆರರಿಂದ ಎಂಟರವರೆಗೆ ಆ ಕೋಣೆಯ ಬಾಗಿಲು ತೆಗೆದರೆ ಶಾಲೆಗೆ ಏನೂ ನಷ್ಟ ಇಲ್ಲ. ಒಂದು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕೊಡಲಿ. ಎಸ್‌ಡಿಎಂಸಿಯವರು ಮನಸ್ಸು ಮಾಡಿದರೆ ಒಂದು ಸಭೆಯಲ್ಲಿ ಮುಗಿಯುವ ಕೆಲಸ.

ಹೆಣ್ಣುಮಕ್ಕಳ ವಿಷಯದಲ್ಲಿ ನಮಗೆ ಇನ್ನೂ ಸಿಟ್ಟು ಬರುತ್ತದೆ. 400 ಮೀಟರಿಗೆ 2 ನಿಮಿಷ ಅನ್ನುವುದು ಕಷ್ಟದ ಸಮಯ ಅಲ್ಲ. ಕಾಯಿಲೆ ಇಲ್ಲದ, ಮೂರು ತಿಂಗಳು ವಾರಕ್ಕೆ ನಾಲ್ಕು ದಿನ ಓಡಿದ ಯಾವ ಹುಡುಗಿಗೂ ಸಿಗುವ ಸಮಯ. ಆದರೆ ಓಡುವುದು ಎಲ್ಲಿ? ಹರಿಹರದ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬಳು ಹೇಳಿದಳು, ಅವಳು ಓಡುವಾಗ ಅವಳ ಅವ್ವ ಮೋರಿ ಕಟ್ಟೆಯ ಮೇಲೆ ಕೂತಿರುತ್ತಾಳಂತೆ. ಅವ್ವನಿಗೆ ಹೊಲದ ಕೂಲಿ ಇದ್ದ ದಿನ ಮಗಳಿಗೆ ಓಟ ಇಲ್ಲ. "ಓಡೋಕ್ ಕಷ್ಟ ಇಲ್ರೀ, ನೋಡೋರ್ ಕಣ್ಣಿಂದಾನೇ ಕಷ್ಟ" ಅಂದಳು. ಆ ಹುಡುಗಿಯ ಸಮಯ ತೆಗೆದರೆ 2 ನಿಮಿಷ 4 ಸೆಕೆಂಡ್. ಆ 4 ಸೆಕೆಂಡನ್ನು ಅವಳು ಇಳಿಸಬಲ್ಲಳು, ಅದಕ್ಕೆ ಬೇಕಾದ ದಿನಗಳನ್ನು ಊರು ಕೊಡುತ್ತಿಲ್ಲ. ಅಣ್ಣತಮ್ಮಂದಿರು ನಾಲೆ ಏರಿ ಮೇಲೆ ಓಡಿ ವಿಡಿಯೊ ಹಾಕುತ್ತೀರಲ್ಲ, ವಾರಕ್ಕೆ ನಾಲ್ಕು ದಿನ ತಂಗಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವ್ವ ಕೂಲಿಗೆ ಹೋಗಲಿ.

ಇನ್ನು ಕೋಚಿಂಗ್. ಒಳ್ಳೆಯ ಮಾಸ್ತರರೂ ಇದ್ದಾರೆ, ನಿವೃತ್ತ ಸೈನಿಕರು ದುಡ್ಡು ತೆಗೆದುಕೊಳ್ಳದೆ ಹೇಳಿಕೊಡುವುದನ್ನೂ ಕಂಡಿದ್ದೇವೆ. ಆದರೆ ಕೆಲವು ಕಡೆ ನಡೆಯುವುದು ಬೇರೆ. ಒಂದು ಕಡೆ, ಹೆಸರು ಬೇಡ, ಹೊಸದಾಗಿ ಸೇರಿದ ಹುಡುಗರನ್ನು ಮೊದಲ ವಾರವೇ ದಿನಾ 1600 ಪೂರ್ತಿ ಜೋರಿನಲ್ಲಿ ಓಡಿಸಿ, ಗೋಡೆಗೆ ಪಟ್ಟಿ ಅಂಟಿಸುತ್ತಾರೆ. ಮೊದಲು ಬಂದವನ ಫೋಟೊ ಸ್ಟೇಟಸ್ಸಿಗೆ. ಒಂದು ತಿಂಗಳಿಗೆ ಅರ್ಧ ಜನಕ್ಕೆ ಮೊಣಕಾಲ ಕೆಳಗಿನ ಮುಂದಿನ ಎಲುಬಿನಲ್ಲಿ ನೋವು. ಡಾಂಬರು ರಸ್ತೆ, ಸವೆದ ಚಪ್ಪಟೆ ಬೂಟು, ಬಿಡುವಿಲ್ಲದ ಓಟ ಮೂರೂ ಸೇರಿದರೆ ಬರುವ ನೋವು ಅದು. ಅದಕ್ಕೆ ಬೇಕಾದದ್ದು ಬಿಡುವು, ಮಣ್ಣಿನ ನೆಲ, ನಿಧಾನಕ್ಕೆ ಏರಿಸಿದ ದೂರ. ಅಲ್ಲಿ ಸಿಗುವುದು ಮೆಡಿಕಲ್ ಶಾಪಿನ ನೋವಿನ ಮಾತ್ರೆ. ನೋವು ಮುಚ್ಚಿಕೊಂಡು ಓಡಿದರೆ ಎಲುಬಿನಲ್ಲಿ ಸಣ್ಣ ಬಿರುಕು ಬಿಡುತ್ತದೆ, ಆಮೇಲೆ ತಿಂಗಳುಗಟ್ಟಲೆ ಮನೆಯಲ್ಲಿ. ವಾರದಲ್ಲಿ ಒಂದೇ ದಿನ ಗಡಿಯಾರ ಹಿಡಿದು ಜೋರಾಗಿ ಓಡಿ, ಉಳಿದ ದಿನ ಮಾತಾಡುತ್ತ ಓಡುವಷ್ಟು ನಿಧಾನವಾಗಿ ಓಡಿದರೂ ಸಮಯ ಇಳಿಯುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನಿಧಾನದ ಓಟಕ್ಕೆ ಫೀಸು ಕೇಳುವುದು ಕಷ್ಟ ನೋಡಿ.

ಡಬ್ಬಿಯ ಪುಡಿ, ಕ್ಯಾನಿನ ಎನರ್ಜಿ ಡ್ರಿಂಕು, ಯಾರೋ ಕೊಟ್ಟ ಇಂಜೆಕ್ಷನ್ನು, ಇವುಗಳ ಮಾತೂ ಮೈದಾನದಲ್ಲಿ ಪಿಸುಪಿಸು ಕೇಳುತ್ತದೆ. ಜಾರ್ಖಂಡಿನಲ್ಲಿ 2024ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಅಬಕಾರಿ ಕಾನ್‌ಸ್ಟೇಬಲ್ ಹುದ್ದೆಗೆ 10 ಕಿಲೋಮೀಟರನ್ನು 60 ನಿಮಿಷದಲ್ಲಿ ಓಡುವ ಪರೀಕ್ಷೆ ಇಟ್ಟಿದ್ದರು. ಸೆಕೆಯಲ್ಲಿ ಓಡಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಉತ್ತೇಜಕ ಔಷಧಿ ತೆಗೆದುಕೊಂಡಿದ್ದರೇ ಅನ್ನುವ ಅನುಮಾನದ ಮಾತೂ ಆಗ ಬಂತು, ವ್ಯವಸ್ಥೆಯೇ ಸರಿ ಇರಲಿಲ್ಲ ಎಂದು ವಿರೋಧ ಪಕ್ಷದವರು ಅಂದರು. ಸರ್ಕಾರ ಕೆಲವು ದಿನ ಓಟ ನಿಲ್ಲಿಸಿತು, ಆಮೇಲೆ ನಿಯಮವನ್ನೇ ಬದಲಿಸಿ 10 ಕಿಲೋಮೀಟರನ್ನು 1.6 ಕಿಲೋಮೀಟರಿಗೆ ಇಳಿಸಿತು. ಸತ್ತವರೆಲ್ಲ ನಮ್ಮ ನಾಲೆ ಏರಿಯ ಹುಡುಗರಂಥವರೇ. ನಿಮ್ಮ ಪಕ್ಕದಲ್ಲಿ ಓಡುವವನಿಗೆ ತಲೆ ತಿರುಗಿದರೆ, ಬೆವರು ನಿಂತು ಮೈ ಬಿಸಿಯಾದರೆ, ಮಾತು ತೊದಲಿದರೆ ಸ್ಟಾಪ್‌ವಾಚ್ ಬಿಡಿ, ನೆರಳಿಗೆ ಎಳೆದು ಮೈಮೇಲೆ ನೀರು ಹಾಕಿ, 108ಕ್ಕೆ ಫೋನ್ ಮಾಡಿ.

ಸರ್ಕಾರದ ಗಡಿಯಾರದ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅನ್ಯಾಯ. ಹುಡುಗರಿಗೆ ಒಂದು ಸೆಕೆಂಡ್ ತಡವಾದರೆ ಮನೆಗೆ ಕಳಿಸುತ್ತಾರೆ. ಅವರು ತಡ ಮಾಡಿದರೆ? 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಅದಕ್ಕೂ ಮೊದಲೇ ಹುಡುಗರು 1600 ಮೀಟರನ್ನು 7 ನಿಮಿಷದೊಳಗೆ ಓಡಿ ಮುಗಿಸಿದ್ದರು. ಅಕ್ರಮ ಬಯಲಾಯಿತು, ಸಿಐಡಿ ತನಿಖೆ ಆಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. 7 ನಿಮಿಷದ ಓಟಕ್ಕೆ ಎರಡು ವರ್ಷ ಮೂರು ತಿಂಗಳ ಕಾಯುವಿಕೆ. ಆಮೇಲೆ 2024ರ ಅಕ್ಟೋಬರಿನಲ್ಲಿ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸಂಪುಟ ನಿರ್ಧರಿಸಿತು. ಆ ತೀರ್ಮಾನ ಬಂದದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ನ್ಯಾಯದ ವಿಷಯ, ಅದಾಗಬೇಕಿತ್ತು. ಆದರೆ ಅಷ್ಟೂ ದಿನ ನಾಲೆ ಏರಿ ಮೇಲೆ ಹುಡುಗರು ಓಡುತ್ತಲೇ ಇದ್ದರು. ಯಾವ ದಿನಕ್ಕೆ ಅಂತ ಗೊತ್ತಿಲ್ಲದೆ ದೇಹವನ್ನು ಬಿಗಿ ಹಿಡಿದು ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ಯಾವ ಪೈಲ್ವಾನನನ್ನು ಬೇಕಾದರೂ ಕೇಳಿ. ಜಾತ್ರೆಯ ದಿನ ಗೊತ್ತಿದ್ದರೆ ಮಾತ್ರ ಅವನು ತಾಲೀಮು ಏರಿಸುವುದು. ವರ್ಷಕ್ಕೊಂದು ನೇಮಕಾತಿ ಕ್ಯಾಲೆಂಡರ್ ಹಾಕಿ, ಹಾಕಿದ ಮೇಲೆ ಅದರಂತೆ ನಡೆಯಿರಿ ಅನ್ನುವ ಬೇಡಿಕೆ ಅತಿಯಾಸೆ ಅಲ್ಲ.

ಆದರೆ ಬೆಂಗಳೂರಿನ ಗಡಿಯಾರ ನಮ್ಮ ಕೈಯಲ್ಲಿಲ್ಲ. ನಾಲೆ ಏರಿ ನಮ್ಮ ಕೈಯಲ್ಲಿದೆ. ಹಾಗಾಗಿ ಹೋದ ಭಾನುವಾರ ಒಂದು ಗಾರೆ ಕೆಲಸದವರ 30 ಮೀಟರ್ ಟೇಪು ಎರವಲು ತೆಗೆದುಕೊಂಡು ಆ ಹುಡುಗನ ಊರಿಗೆ ಹೋದೆವು. ಅವನ ಓಟ ಒಂದು ಬೇವಿನ ಮರದಿಂದ ನಾಲೆಯ ತೂಬಿನವರೆಗೆ, ಅಲ್ಲಿ ತಿರುಗಿ ವಾಪಸ್ಸು. ಫೋನಿನ ಪ್ರಕಾರ ಒಂದು ಕಡೆಗೆ 800 ಮೀಟರ್. ಅವನು ಒಂದು ತುದಿ ಹಿಡಿದ, ಅವನ ಗೆಳೆಯ ಇನ್ನೊಂದು ತುದಿ, ನಾವು ಎಣಿಸುತ್ತಾ ಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆವು. 25 ಟೇಪು, ಮೇಲೆ 20 ಮೀಟರ್. 770. ಹೋಗಿ ಬಂದರೆ 1540.

ರಸ್ತೆಯ ಮೇಲೇ ಕೂತು ಫೋನಿನಲ್ಲಿ ಲೆಕ್ಕ ಹಾಕಿದೆವು. ಅದೇ ವೇಗಕ್ಕೆ 1600 ಅಂದರೆ 6 ನಿಮಿಷ 2 ಸೆಕೆಂಡ್. ಪೊಲೀಸ್ ಪರೀಕ್ಷೆಗೆ ಏನೂ ತೊಂದರೆ ಇಲ್ಲ, ಇನ್ನೂ 28 ಸೆಕೆಂಡ್ ಕೈಯಲ್ಲಿದೆ. ಆದರೆ ಅವನ ಗೆಳೆಯನ ಮುಖ ಸಣ್ಣಗಾಯಿತು. ಅವನು ಓಡುತ್ತಿರುವುದು ಅಗ್ನಿವೀರ್‌ಗೆ, ಇದೇ ದಾರಿಯಲ್ಲಿ, ಹೆಚ್ಚುಕಡಿಮೆ ಇದೇ ಸಮಯಕ್ಕೆ. 36 ಅಂಕ ಅಂದುಕೊಂಡದ್ದು 24 ಆಯಿತು. ರ‍್ಯಾಲಿಯ ದಿನ ಗೊತ್ತಾಗುವುದು ಇವತ್ತೇ ಗೊತ್ತಾಯಿತಲ್ಲ, ಇನ್ನೂ ತಿಂಗಳುಗಳಿವೆ ಅಂದೆವು. ಅವನು ಏನೂ ಅನ್ನಲಿಲ್ಲ. ಮರದ ಕೊಂಬೆಗೆ ಜೋತುಬಿದ್ದು ಎಳೆಯತೊಡಗಿದ. ಏಳಾಯಿತು, ಎಂಟಕ್ಕೆ ಗಲ್ಲ ಕೊಂಬೆ ಮುಟ್ಟಲಿಲ್ಲ.

ತೂಬು ದಾಟಿ 30 ಮೀಟರ್ ಮುಂದೆ, 26 ಟೇಪು ಮೇಲೆ 20 ಮೀಟರ್ ಆದ ಜಾಗದಲ್ಲಿ ಒಂದು ಕಲ್ಲು ನೆಟ್ಟೆವು. ಪಂಚಾಯಿತಿ ಸದಸ್ಯರೊಬ್ಬರು ಬೈಕಿನಲ್ಲಿ ಬಂದು ಏನ್ರಪ್ಪಾ ಸರ್ವೆನಾ ಅಂತ ಕೇಳಿ, ವಿಷಯ ತಿಳಿದ ಮೇಲೆ ಶಾಲೆಯ ಗೋಡೆಗೆ ಹೊಡೆದು ಉಳಿದ ಹಳದಿ ಬಣ್ಣದ ಡಬ್ಬಿ ಕಳಿಸಿಕೊಟ್ಟರು. 100 ಮೀಟರಿಗೊಂದು ಗೆರೆ, 400ಕ್ಕೆ ಎರಡು ಗೆರೆ. ಎರಡು ಗೆರೆಯ ಹತ್ತಿರ ಹುಡುಗ ಬ್ರಷ್ ಹಿಡಿದು ಒಂದು ನಿಮಿಷ ಯೋಚಿಸಿದ.

"ಇಲ್ಲಿ ಹುಡುಗೀರ್ದು ಅಂತ ಬರೀಲಾ ಅಣ್ಣಾ? 400, 2 ನಿಮಿಷ?"

ಬರಿ ಅಂದೆವು. ಗುಂಡಿನ ವಿಚಾರಕ್ಕೆ ನಾಳೆ ಹೈಸ್ಕೂಲ್ ಹೆಡ್‌ಮಾಸ್ಟರ್ ಹತ್ತಿರ ಅವರ ಊರಿನವರೇ ನಾಲ್ಕು ಜನ ಹೋಗುತ್ತಾರಂತೆ.